ಬಾಗಿಲಾಚೆ ಸೇರಿದ ಬಿಸಿ

ಅಮ್ಮಾನಿನಲ್ಲಿ ಆ ವರ್ಷ ಮನೆಗಳ ಬೆಲೆ ಏರಿದ ಏರಿಕೆಯನ್ನು ಕಣ್ಣಾರೆ ಕಂಡವರು ಇವತ್ತಿಗೂ ಏಣಿ ನೋಡಿದರೆ ತಲೆ ತಿರುಗಿ ಕೂತುಬಿಡುತ್ತಾರೆ. ಕೆಳಗೆ ಕಾವಲುಗಾರನ ಹತ್ತಿರ ಕೇಳಿದಾಗ ಒಂದು ಬೆಲೆ, ಮೂರನೇ ಮಹಡಿ ಹತ್ತಿ ಉಸಿರು ಬಿಡುವಷ್ಟರಲ್ಲಿ ಇನ್ನೊಂದು. ಪಕ್ಕದ ದೇಶದ ಯುದ್ಧಕ್ಕೆ ಹೆದರಿ ಬಂದವರು ನೋಟು ತುಂಬಿದ ಪೆಟ್ಟಿಗೆ ಹಿಡಿದು ಗಾರೆ ಒಣಗುವುದನ್ನೇ ಕಾಯುತ್ತ ನಿಂತಿರುತ್ತಿದ್ದರು. ಕಟ್ಟಿದ ಮನೆ ಸಾಲದೆ ಕಟ್ಟುತ್ತಿರುವ ಮನೆ ಮಾರಿದರು. ಅದೂ ಸಾಲದೆ ನಕ್ಷೆಯಲ್ಲಿರುವ ಮನೆ ಮಾರಿದರು. ಕೊನೆಗೆ ನಕ್ಷೆ ಬರೆಯುವವನು ಪೆನ್ಸಿಲ್ ಚೂಪು ಮಾಡುತ್ತಿದ್ದಾನೆ ಎಂಬ ಸುದ್ದಿ ಬಂದರೂ ಸಾಕು, ಮುಂಗಡ ಕೊಡುವವರು ಬೀದಿಯ ತುದಿಯವರೆಗೆ ಸಾಲುಗಟ್ಟಿದರು. ನಿನ್ನೆ ಕ್ಷೌರ ಮಾಡುತ್ತಿದ್ದವನು ಇವತ್ತು ಗುತ್ತಿಗೆದಾರ. ನಿನ್ನೆ ಫಲಾಫೆಲ್ ಕರಿಯುತ್ತಿದ್ದವನು ಇವತ್ತು ಮನೆಮನೆಗೆ ಬಿಸಿನೀರಿನ ಕೊಳವೆ ಹಾಸುವ ಉಸ್ತಾದ.

ಅಂಥ ಕಾಲದಲ್ಲಿ ಅಬೂ ಹಾಯಲ್ ಅಶ್ರಫಿಯ್ಯಾ ಬೆಟ್ಟದ ಹಳೇ ಮನೆ ಮಾರಿ, ಊರಿನ ಪಡುವಣಕ್ಕೆ, ಖಲ್ದಾದಲ್ಲಿ, ಮೂರನೇ ಮಹಡಿಯ ಹೊಸ ಮನೆಯೊಂದನ್ನು ನಕ್ಷೆ ನೋಡಿ ಕೊಂಡ. ನಕ್ಷೆಯ ತಲೆ ಯಾವುದು, ಬುಡ ಯಾವುದು ಅವನಿಗೆ ತಿಳಿದಿರಲಿಲ್ಲ. ಕೇಳಿದ್ದು ಒಂದೇ ಮಾತು: ನೆಲದೊಳಗೆ ಬಿಸಿ ಇದೆಯೋ ಇಲ್ಲವೋ. ಮಾರುವವನು ಎದೆ ಮುಟ್ಟಿಕೊಂಡು ಹೇಳಿದ, ಜನವರಿಯಲ್ಲಿ ಬರಿಗಾಲಲ್ಲಿ ಓಡಾಡಬಹುದು, ಕೋಳಿಮೊಟ್ಟೆ ನೆಲದ ಮೇಲಿಟ್ಟು ಮರೆತರೆ ಸಂಜೆಗೆ ಮರಿ ಕೂಗುತ್ತದೆ. ಅಬೂ ಹಾಯಲ್ ನಿಂತ ಕಾಲಲ್ಲೇ ಸಹಿ ಹಾಕಿದ.

ಈ ಹಠಕ್ಕೆ ಕಾರಣವಿತ್ತು. ಅವನು ಮೂವತ್ತು ಚಳಿಗಾಲ ಆ ಬೆಟ್ಟಕ್ಕೆ ಸೀಮೆಎಣ್ಣೆ ಮಾರಿದವನು. ಹೇಸರಗತ್ತೆ ಎಳೆಯುವ ಗಾಡಿ, ಅದರ ಮೇಲೆ ಉದ್ದನೆಯ ಪೀಪಾಯಿ, ಕೈಯಲ್ಲೊಂದು ಕಬ್ಬಿಣದ ಸ್ಪ್ಯಾನರು. ಅವನು ಪೀಪಾಯಿಗೆ ಠಣ್ ಠಣ್ ಎಂದು ಬಾರಿಸಿದರೆ ಸದ್ದು ಊರಿನ ಏಳು ಬೆಟ್ಟಗಳಿಗೂ ಬಡಿದು, ಸತ್ತವರೂ ಡಬ್ಬ ಹುಡುಕಲು ಏಳುತ್ತಿದ್ದರು. ಹೆಂಗಸರು ಒಲೆಯ ಮೇಲಿನ ಪಾತ್ರೆ ಬಿಟ್ಟು ಓಡಿ ಬರುತ್ತಿದ್ದರು. ಯಾವ ಮನೆಯ ಸೋಬಾ, ಅಂದರೆ ಕೋಣೆ ಕಾಯಿಸುವ ಸೀಮೆಎಣ್ಣೆ ಒಲೆ, ಎಷ್ಟು ಕುಡಿಯುತ್ತದೆ, ಯಾವ ಸೋಬಾಕ್ಕೆ ಕೆಮ್ಮು, ಯಾವುದಕ್ಕೆ ಬತ್ತಿ ಬದಲಿಸಬೇಕು, ಎಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು.

ಅವನ ಮನೆಯಲ್ಲೂ ಒಂದೇ ಸೋಬಾ, ಒಂದೇ ಕೋಣೆ ಬೆಚ್ಚಗೆ. ನವೆಂಬರಿನಿಂದ ಮಾರ್ಚಿನವರೆಗೆ ಉಳಿದ ಕೋಣೆಗಳಿಗೆ ಹೋಗುವುದೆಂದರೆ ದೇಶಾಂತರ ಹೋದಂತೆ. ಟೊಪ್ಪಿ, ಶಾಲು, ಪ್ರಾರ್ಥನೆ ಎಲ್ಲ ಮುಗಿಸಿ ಹೊರಡಬೇಕು. ಗಂಡ, ಹೆಂಡತಿ, ಮೂವರು ಗಂಡುಮಕ್ಕಳು, ಒಬ್ಬಳು ಮಗಳು, ಎಲ್ಲರೂ ಆ ಸೋಬಾದ ಸುತ್ತ. ಅದರ ನೆತ್ತಿಯ ಮೇಲೆ ಚಹಾದ ಕೆಟಲ್, ಪಕ್ಕದಲ್ಲಿ ರೊಟ್ಟಿ ಉಬ್ಬುತ್ತಿತ್ತು, ಕಿತ್ತಳೆಯ ಸಿಪ್ಪೆ ಸುಟ್ಟುಕೊಂಡು ಘಮ್ಮೆನ್ನುತ್ತಿತ್ತು. ಒಬ್ಬ ಲೆಕ್ಕ ಬಿಡಿಸುತ್ತಿದ್ದ, ಒಬ್ಬ ಅಳುತ್ತಿದ್ದ, ಒಬ್ಬ ಇನ್ನೊಬ್ಬನ ಪಾಲಿನ ಚೆಸ್ಟ್‌ನಟ್ ಕದಿಯುತ್ತಿದ್ದ. ಮಲಗಿದರೆ ಯಾವ ಕಾಲು ಯಾರದೆಂದು ಬೆಳಿಗ್ಗೆಯೇ ಗೊತ್ತಾಗುತ್ತಿದ್ದದ್ದು.

ಆದರೆ ಎಣ್ಣೆಯ ವಾಸನೆ ಆ ಮನೆಯನ್ನು ಬಿಡುತ್ತಿರಲಿಲ್ಲ. ಅವನ ಹೆಂಡತಿ ಉಮ್ ಹಾಯಲ್ ಮಗಳು ರುದೈನಾಳ ತಲೆಗೂದಲನ್ನು ನಾಬ್ಲುಸಿನ ಸಾಬೂನು ಹಾಕಿ ತಿಕ್ಕಿದ ತಿಕ್ಕಾಟಕ್ಕೆ ಬಂಡೆಯೇ ನುಣ್ಣಗಾಗಬೇಕಿತ್ತು. ವಾಸನೆ ಮಾತ್ರ ಹೋಗಲಿಲ್ಲ. ಒಂದು ದಿನ ರುದೈನಾ ಶಾಲೆಯಿಂದ ಬಂದು, ಚೀಲ ಇಳಿಸದೆ ನಿಂತಳು. ಪಕ್ಕದಲ್ಲಿ ಕೂರುವವಳು ಬೆಂಚು ಬದಲಿಸಿದ್ದಳಂತೆ. 'ಸೀಮೆಎಣ್ಣೆ ಹುಡುಗಿ, ಹತ್ತಿರ ಬಂದರೆ ಹೊತ್ತಿಕೊಳ್ಳುತ್ತೆ' ಎಂದಿದ್ದಳಂತೆ. ಅಬೂ ಹಾಯಲ್ ಹೊರಗೆ ಹೋಗಿ ಹೇಸರಗತ್ತೆಯ ಕೊರಳಿಗೆ ಹಣೆ ಇಟ್ಟು ನಿಂತ. ಈ ಹುಡುಗಿಯನ್ನು ಕೇಳಲು ದೊಡ್ಡ ಮನೆಯವರು ಬರುವ ದಿನ, ಎಣ್ಣೆಯ ವಾಸನೆಯೇ ಇಲ್ಲದ, ಒಲೆಯೇ ಕಾಣದ, ಬೆಚ್ಚನೆಯ ನೆಲದ ಮೇಲೆ ಅವರನ್ನು ಕೂರಿಸುತ್ತೇನೆ ಎಂದು ಆವತ್ತೇ ನಿಶ್ಚಯಿಸಿದ.

ಆ ದಿನ ಬರುವುದು ಖಚಿತವಾಯಿತು. ರುದೈನಾ ಈಗ ಗಣಿತದ ಟೀಚರು. ಯಾಮಿನ್ ಎಂಬ ಔಷಧದಂಗಡಿಯ ಹುಡುಗ, ಒಳ್ಳೇ ಮನೆತನದವನು, ಅವಳಿಗೆ ಇಲ್ಲದ ತಲೆನೋವಿಗೆ ಮಾತ್ರೆ ಕೊಟ್ಟೂ ಕೊಟ್ಟೂ ಕೊನೆಗೆ ಮನೆಯವರಿಗೆ ಹೇಳಿದ. ಜನವರಿಯ ಕೊನೇ ಶುಕ್ರವಾರ ಜಾಹಾ ಬರುವುದೆಂದಾಯಿತು. ಅಂದರೆ ಗಂಡಿನ ಕಡೆಯ ಗಂಡಸರೆಲ್ಲ ಒಬ್ಬ ಹಿರಿಯನನ್ನು ಮುಂದಿಟ್ಟುಕೊಂಡು, ದಂಡಿನ ಹಾಗೆ, ಹೆಣ್ಣು ಕೇಳಲು. ಬಾಡಿಗೆ ಸಭಾಂಗಣ ಹಿಡಿಯೋಣ ಎಂದ ಗಂಡುಮಕ್ಕಳಿಗೆ ಅಬೂ ಹಾಯಲ್ ಹೇಳಿದ್ದು ಇಷ್ಟು: "ನನಗೇನು ನೆಲ ಇಲ್ವಾ?"

ನೆಲವಿತ್ತು. ಬಿಸಿ ಇರಲಿಲ್ಲ.

ಡಿಸೆಂಬರಿನಲ್ಲಿ ಮೊದಲ ಸಲ ಬಾಯ್ಲರ್ ಹಚ್ಚಿದ ದಿನ ಮನೆಮಂದಿಯೆಲ್ಲ ಚಪ್ಪಲಿ ಬಿಟ್ಟು ಬೈಠಕ್ಕಿನ ಕೋಣೆಯಲ್ಲಿ ಸಾಲಾಗಿ ನಿಂತರು. ಅದು ಎಣ್ಣೆ ಗಟಗಟ ಕುಡಿಯುವ ಸದ್ದು ಕೇಳಿತು. ಒಂದು ಗಂಟೆ ನಿಂತರು. ಕಾಲ್ಬೆರಳು ನೀಲಿಯಾಯಿತು. ಇನ್ನೊಂದು ಗಂಟೆ ನಿಂತಿದ್ದರೆ ಆರು ಜನರನ್ನೂ ಕೊಡಲಿಯಿಂದ ಬಿಡಿಸಬೇಕಾಗುತ್ತಿತ್ತು. ಬಾಯ್ಲರ್ ಮಾತ್ರ ಕುಲುಮೆಯ ಹಾಗೆ ಉರಿಯುತ್ತಲೇ ಇತ್ತು.

ಬಿಸಿ ಎಲ್ಲಿಗೆ ಹೋಯಿತೆಂದು ಕಂಡುಹಿಡಿದದ್ದು ಬೆಕ್ಕುಗಳು. ಮೂರನೇ ದಿನ ಬಾಗಿಲು ತೆಗೆದರೆ ಲಿಫ್ಟಿಗೂ ಮನೆಬಾಗಿಲಿಗೂ ನಡುವಿನ ಮೊಗಸಾಲೆಯಲ್ಲಿ, ಎಲ್ಲರೂ ಹಾದುಹೋಗುವ ಜಾಗದಲ್ಲಿ, ಖಲ್ದಾದ ಅಷ್ಟೂ ಬೆಕ್ಕುಗಳು ಹೊಟ್ಟೆ ಮೇಲೆ ಮಾಡಿ ಬಿದ್ದುಕೊಂಡಿದ್ದವು. ಕಾಲಿಡಲು ಜಾಗವಿಲ್ಲ. ಅಬೂ ಹಾಯಲ್ ಒಂದನ್ನು ಸರಿಸಿ ಅಂಗೈ ಊರಿದ. ಹಮ್ಮಾಮಿನ ಬಿಸಿನೀರ ಸ್ನಾನದ ಕಲ್ಲಿನ ಹಾಗೆ ಸುಡುತ್ತಿತ್ತು.

ಕೊಳವೆ ಹಾಸಿದ ಉಸ್ತಾದ ಜುಹ್ದಿ, ಫಲಾಫೆಲ್ ಕರಿಯುತ್ತಿದ್ದ ಅದೇ ಪುಣ್ಯಾತ್ಮ, ಬಂದು ನೋಡಿದ. ಬೈಠಕ್ಕಿನ ನೆಲಕ್ಕೆ ವೈದ್ಯನ ಹಾಗೆ ಕಿವಿಯಿಟ್ಟು ತಲೆಯಾಡಿಸಿದ. ಮೊಗಸಾಲೆಗೆ ಬಂದು ಬೂಟು ಬಿಚ್ಚಿ ನಿಂತವನ ಮುಖ ಅರಳಿತು.

"ನೋಡಿ ಅಣ್ಣಾ, ನನ್ನ ಕೆಲಸದಲ್ಲಿ ಕೊರತೆ ಇಲ್ಲ. ಎಷ್ಟು ಚೆನ್ನಾಗಿ ಕಾದಿದೆ."

"ಬಾಗಿಲ ಆಚೆ ಕಾದಿದೆ ಕಣೋ."

"ಹಾಸಿದಾಗ ಒಳಗೇ ಇತ್ತು. ಗೋಡೆ ಆಮೇಲೆ ಎದ್ದು ನಡಕೊಂಡು ಹೋಯ್ತು."

ಅದು ನಿಜವೇ ಆಗಿತ್ತು. ಕೊಳವೆ ಹಾಸಿ ಗಾರೆ ಸುರಿದ ವಾರದಲ್ಲೇ ಬೆಲೆ ಇನ್ನೊಂದು ಜಿಗಿತ ಜಿಗಿದಿತ್ತು. ಕಟ್ಟಿಸುತ್ತಿದ್ದವನು ಅದೇ ಮಹಡಿಯಲ್ಲಿ ಇನ್ನೊಂದು ಚಿಕ್ಕ ಮನೆ ತುರುಕಿ ಮಾರಿದ. ಅದರ ಬಾಗಿಲಿಗೆ ದಾರಿ ಬೇಕಿತ್ತು. ಅಬೂ ಹಾಯಲನ ಬೈಠಕ್ಕನ್ನೇ ಬಾಲ್ಕನಿಯ ಕಡೆಗೆ ತಳ್ಳಿ, ಅದಕ್ಕೆ ಗಾಜು ಮುಚ್ಚಿ, ಅಳತೆ ಸರಿಮಾಡಿದ. ಕೋಣೆ ಬೀದಿಯ ಕಡೆ ಸರಿಯಿತು, ಕೊಳವೆ ಇದ್ದಲ್ಲೇ ಉಳಿಯಿತು. ಇದ್ದದ್ದು ಒಂದೇ ಉದ್ದನೆಯ ಕೊಳವೆ, ನಡುವೆ ನೀರು ತಡೆಯುವ ತಿರುಪು ಗಿರುಪು ಒಂದೂ ಇಲ್ಲ. ಬಿಸಿನೀರು ಮೊದಲು ಮೊಗಸಾಲೆಗೆ ಹೋಗಿ ಸುಖವಾಗಿ ಸುತ್ತಾಡಿ, ಉಳಿದ ಕೋಣೆಗಳಿಗೆ ದೂರದ ಪ್ರಯಾಣ ಮಾಡಿ ಬಂದ ನೆಂಟನ ಹಾಗೆ ಸುಸ್ತಾಗಿ ಬರುತ್ತಿತ್ತು. ನೆಲ ಒಡೆದು ಕೊಳವೆ ತಿರುಗಿಸಿ ಕೊಡುತ್ತೇನೆ, ದೇವರಿಚ್ಛೆಯಿದ್ದರೆ ನಾಳೆ, ಎಂದು ಜುಹ್ದಿ ಹೋದ. ದೇವರ ಇಚ್ಛೆ ಡಿಸೆಂಬರ್ ಪೂರ್ತಿ, ಜನವರಿಯಲ್ಲೂ, ಬೇರೆಯಾಗಿತ್ತು. ಜುಹ್ದಿಗೆ ಅದೇ ಹೊತ್ತಿಗೆ ಐದು ಕಟ್ಟಡಗಳಲ್ಲಿ ಕೊಳವೆ ಹಾಸುವುದಿತ್ತು.

ಅಷ್ಟರಲ್ಲಿ ಮೊಗಸಾಲೆಗೆ ಮನುಷ್ಯರೂ ಬಂದರು. ತುರುಕಿ ಕಟ್ಟಿದ ಚಿಕ್ಕ ಮನೆಯಲ್ಲಿ ಬಗ್ದಾದಿನಿಂದ ಬಂದ ನಾಹಿದಾ ಎಂಬ ವಿಧವೆ ಇದ್ದಳು. ಮೊದಲು ಅವಳು ಒಂದು ದಿಂಬು ತಂದು ಬೆಕ್ಕುಗಳ ನಡುವೆ ಕೂತಳು. ಮರುದಿನ ಚಹಾದ ಪಾತ್ರೆ ತಂದಳು. ಕೆಳಗಿನ ಮಹಡಿಯವರು ಒದ್ದೆ ಬಟ್ಟೆ ತಂದರು, ಮೇಲಿನವರು ಉಬ್ಬಲು ಬಿಟ್ಟ ಹಿಟ್ಟಿನ ಬೋಗುಣಿ ತಂದರು. ಒಂದು ವಾರದಲ್ಲಿ ಇಡೀ ಕಟ್ಟಡ ಅಲ್ಲಿತ್ತು. ಉಮ್ ಹಾಯಲ್ ಮೊದಲು ಬಾಗಿಲ ಸಂದಿಯಿಂದ ನೋಡಿದಳು, ಆಮೇಲೆ ಹೊಸಿಲ ಮೇಲೆ ಕೂತಳು, ಆಮೇಲೆ ಒಳಗೆ ಬರುವುದನ್ನೇ ಬಿಟ್ಟಳು.

ಅಬೂ ಹಾಯಲ್ ಮಾತ್ರ ಕೋಟು ತೊಟ್ಟು, ಚಿನ್ನದ ಬಣ್ಣದ ಹೊಸ ಸೋಫಾದ ಮೇಲೆ, ಐಸ್ ಪೆಟ್ಟಿಗೆಯಲ್ಲಿಟ್ಟ ಮೀನಿನ ಹಾಗೆ ಒಬ್ಬನೇ ಕೂತಿರುತ್ತಿದ್ದ. ಗಂಡುಮಕ್ಕಳು ಒಬ್ಬೊಬ್ಬರೂ ತಮ್ಮ ತಮ್ಮ ಕೋಣೆಯಲ್ಲಿ, ತಮ್ಮ ತಮ್ಮ ಕಂಬಳಿಯಡಿ. ನಾಲ್ಕು ಕೋಣೆ ಕೊಂಡು ನಾಲ್ಕು ಮಕ್ಕಳನ್ನು ಕಳಕೊಂಡೆನೇ ಎಂದು ಅನಿಸಿದ್ದುಂಟು. ಬಾಗಿಲಾಚೆಯಿಂದ ಹೆಂಗಸರ ನಗು, ಲೋಟಗಳ ಸದ್ದು, ಯಾರೋ ಯಾರನ್ನೋ ಹಂಗಿಸುವುದು ಕೇಳುತ್ತಿತ್ತು. ಕಣ್ಣು ಮುಚ್ಚಿದರೆ ಅಶ್ರಫಿಯ್ಯಾದ ಓಣಿ. ಡಬ್ಬ ಹಿಡಿದು ಹೊಸಿಲುಗಳ ಮೇಲೆ ಕೂತವರು ಅವನ ಗಾಡಿಗೆ ಕಾಯುತ್ತಿರುವ ಹಾಗೇ. ಕಣ್ಣು ತೆರೆದರೆ ಕೋಪ: ತನ್ನ ಎಣ್ಣೆಯಲ್ಲಿ ಊರು ಮೈ ಕಾಯಿಸಿಕೊಳ್ಳುತ್ತಿದೆ.

ಜಾಹಾದ ಹಿಂದಿನ ದಿನ ಗಂಡುಮಕ್ಕಳು ಬೈಠಕ್ಕಿನ ಕೋಣೆಯಲ್ಲಿ ಆರು ವಿದ್ಯುತ್ ಹೀಟರು ಚುಚ್ಚಿದರು. ಕಟ್ಟಡದ ಫ್ಯೂಸು ಢಂ ಎಂದಿತು. ಕಟ್ಟಡಕ್ಕೆ ತಂತಿ ಎಳೆದವನೂ ಜುಹ್ದಿಯ ಹಾಗೇ ಅವಸರದವನು. ಕೊನೆಗೆ ಉಮ್ ಹಾಯಲ್ ಮೆಲ್ಲಗೆ, ಎರಡು ಸೋಬಾ ತಂದಿಟ್ಟರೆ ಗಂಟೆಯಲ್ಲಿ ಕೋಣೆ ಕಾಯುತ್ತೆ ಎಂದಳು.

"ವಾಸನೆ ಬರುತ್ತೆ," ಎಂದ ಅಬೂ ಹಾಯಲ್.

"ಆ ವಾಸನೇಲೇ ನಾಲ್ಕು ಮಕ್ಕಳನ್ನ ಸಾಕಿದ್ದು ನಾನು. ಒಂದೂ ಸಾಯ್ಲಿಲ್ಲ."

"ನಾಳೆ ಬರೋರ ಮುಂದೆ ಬೇಡ," ಎಂದ. ಅವನ ದನಿ ಕೇಳಿ ಅವಳು ಮೊಗಸಾಲೆಗೆ ಎದ್ದು ಹೋದಳು. ಅವನು ಕೊನೆಯ ಸಲ ಜುಹ್ದಿಗೆ ಫೋನು ಮಾಡಿ ಬೈದ ಬೈಗುಳಕ್ಕೆ ತಂತಿಯ ಮೇಲಿನ ಗುಬ್ಬಿಗಳು ಉದುರಿದವು. ಜುಹ್ದಿ ಶಾಂತವಾಗಿ, ನಾಳೆ ಎಂದ.

ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಯುವಷ್ಟರಲ್ಲಿ ಹಿಮ ಬಿತ್ತು. ಅಂಥ ಹಿಮ ಅಮ್ಮಾನಿನಲ್ಲಿ ಪ್ರಳಯ ಕಂಡ ನೂಹನ ಕಾಲದಿಂದ ಬಿದ್ದಿರಲಿಲ್ಲ. ಕಾರುಗಳು ದಿಬ್ಬದ ಕೆಳಗೇ ನಿಂತವು. ಜಾಹಾದವರು ನಡೆದೇ ಬಂದರು, ಕಪ್ಪು ನಿಲುವಂಗಿಯ ನಲವತ್ತು ಗಂಡಸರು, ಮೀಸೆಗಳಲ್ಲಿ ಹಿಮ ಕಟ್ಟಿಕೊಂಡು. ಮುಂದೆ ಹಾಜಿ ಖಲಫ್, ಹುಡುಗನ ಅಜ್ಜನ ತಮ್ಮ, ಊರುಗೋಲು ಹಿಡಿದವನು. ಅರ್ಧ ಅಮ್ಮಾನಿನ ಮದುವೆಗಳು ಅವನ ನಾಲಿಗೆಯಿಂದಲೇ ಕುದುರಿದ್ದವು. ಅಬೂ ಹಾಯಲ್ ಬಾಗಿಲನ್ನು ಅಗಲ ತೆರೆದು ನಿಂತ. ಹಿಂದೆ ಕೋಣೆಯಲ್ಲಿ ಚಿನ್ನದ ಸೋಫಾಗಳು ಹೊಳೆಯುತ್ತಿದ್ದವು; ಉಸಿರು ಬಿಟ್ಟರೆ ಹೊಗೆ.

ಹಾಜಿ ಖಲಫ್ ಲಿಫ್ಟಿನಿಂದ ಇಳಿದು ನಾಲ್ಕು ಹೆಜ್ಜೆ ಇಟ್ಟವನು ನಿಂತ. ಒಂದು ಕಾಲೆತ್ತಿ ನೆಲ ನೋಡಿದ. ಊರುಗೋಲನ್ನು ಗೋಡೆಗೆ ಒರಗಿಸಿದ, ಒದ್ದೆ ಬೂಟು ಬಿಚ್ಚಿದ, ಕಾಲುಚೀಲದಲ್ಲೇ ಪಾದ ಊರಿದ, ಕಣ್ಣು ಮುಚ್ಚಿದ. ಒಳಗೆ ದಯಮಾಡಿಸಿ ಎಂದು ಅಬೂ ಹಾಯಲ್ ಮೂರು ಸಲ ಹೇಳಿದ. ಮೂರನೆಯ ಸಲಕ್ಕೆ ಹಾಜಿ ಖಲಫ್ ಬೆಕ್ಕೊಂದನ್ನು ಎತ್ತಿ ಪಕ್ಕಕ್ಕಿಟ್ಟು, ಗೋಡೆಗೆ ಬೆನ್ನು ಕೊಟ್ಟು, ಅಲ್ಲೇ ಕಾಲು ಚಾಚಿ ಕೂತ. ಹಿರಿಯನು ಕೂತ ಮೇಲೆ ಕಿರಿಯರು ನಿಲ್ಲುವಂತಿಲ್ಲ, ಮುಂದೆಯೂ ಹೋಗುವಂತಿಲ್ಲ. ನಲವತ್ತು ಜನ ಬೂಟು ಬಿಚ್ಚಿದರು. ಮೊಗಸಾಲೆ ತುಂಬಿತು, ಮೆಟ್ಟಿಲುಗಳು ತುಂಬಿದವು. ಮೀಸೆಗಳಿಂದ ನೀರು ತೊಟ್ಟಿಕ್ಕಿತು. ನಾಹಿದಾಳ ದಿಂಬುಗಳು ಕೈಯಿಂದ ಕೈಗೆ ಬಂದವು. ಅಬೂ ಹಾಯಲ್ ತನ್ನ ಬಾಗಿಲಲ್ಲಿ ಒಬ್ಬನೇ ನಿಂತಿದ್ದವನು, ದಾರಿಯಿಲ್ಲದೆ, ಹೊರಗೆ ಬಂದು ಅವರೆದುರು ಮಂಡಿಯೂರಿದ.

ಗಂಡುಮಕ್ಕಳು ಏಲಕ್ಕಿಯ ಕಹಿ ಕಾಫಿ ತಂದರು. ಹಾಜಿ ಖಲಫ್ ಬಟ್ಟಲನ್ನು ತೆಗೆದುಕೊಂಡು, ತುಟಿಗೆ ಮುಟ್ಟಿಸದೆ ನೆಲದ ಮೇಲಿಟ್ಟ. ಕೇಳಿದ್ದನ್ನು ಕೊಡುತ್ತೇವೆ ಎನ್ನುವವರೆಗೆ ಜಾಹಾದ ಹಿರಿಯ ಕಾಫಿ ಕುಡಿಯುವುದಿಲ್ಲ. ಕುಡಿಯದೆ ಎದ್ದು ಹೋದರೆ ಎರಡೂ ಮನೆಯ ಮುಖಕ್ಕೆ ಮಸಿ. ಆಮೇಲೆ ಮಾತು ಶುರು ಮಾಡಿದ. ದೇವರನ್ನು ಹೊಗಳಿದ, ಪ್ರವಾದಿಯನ್ನು ಹೊಗಳಿದ, ಹುಡುಗಿಯ ಗಣಿತವನ್ನು ಹೊಗಳಿದ. ಕೊನೆಗೆ ಅಂಗೈಯಿಂದ ನೆಲ ಸವರಿ ಹೇಳಿದ: "ಹಿಂದೆ ಮರುಭೂಮಿಯಲ್ಲಿ ದೊಡ್ಡ ಮನಸ್ಸಿನೋರು ದಾರಿಹೋಕರಿಗೆ ಕಾಣ್ಲಿ ಅಂತ ಗುಡ್ಡದ ಮೇಲೆ ಬೆಂಕಿ ಹಾಕ್ತಿದ್ರಂತೆ. ಕೇಳಿದ್ದೆ, ನೋಡಿರ್ಲಿಲ್ಲ. ಈ ಊರಲ್ಲಿ ಎಲ್ಲಾ ತಂತಮ್ಮ ಕೋಣೆ ಕಾಯಿಸ್ಕೋತಾರೆ. ನೀವು ಬಾಗಿಲ ಹೊರಗೆ ಕಾಯಿಸಿದ್ದೀರಿ, ಬರೋರಿಗೆ. ಇಂಥ ಮನೆ ಹೆಣ್ಣು ನಮ್ಮನೆಗೆ ಬಂದ್ರೆ ನಮ್ಮ ಪುಣ್ಯ."

ಮೆಟ್ಟಿಲಿನವರೆಗೂ ಹೌದು ಹೌದು ಎಂದು ಗುಜುಗುಜು ಹೋಯಿತು. ಅಬೂ ಹಾಯಲ್ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದ. ಹೊಗಳಿಕೆ ನೆಲದ ಬಿಸಿಗಿಂತ ಹಿತವಾಗಿತ್ತು. ಬಾಗಿಲ ಹಿಂದೆ ಉಮ್ ಹಾಯಲ್ ಕೆಮ್ಮಿದಳು. ಇನ್ನೇನು, 'ಕಾಫಿ ಕುಡಿಯಿರಿ' ಎಂಬ ಎರಡು ಮಾತು ಬಾಯಿಂದ ಬೀಳಬೇಕು.

ಲಿಫ್ಟಿನ ಬಾಗಿಲು ತೆರೆಯಿತು. ಜುಹ್ದಿ, ಭುಜದ ಮೇಲೆ ನೆಲ ಒಡೆಯುವ ಯಂತ್ರ ಹೊತ್ತುಕೊಂಡು.

"ಅಸ್ಸಲಾಮು ಅಲೈಕುಂ. ಅಣ್ಣಾ, ಮಾತು ಕೊಟ್ಟಿದ್ದೆ, ಬಂದೆ. ಎಲ್ಲಾ ಸ್ವಲ್ಪ ಎದ್ದೇಳಿ ಅನ್ನಿ, ತಪ್ಪು ಜಾಗಕ್ಕೆ ಬಿದ್ದಿರೋ ಕೊಳವೆ ಇವರ ಅಡೀಲೇ ಇರೋದು."

ಬೆಕ್ಕುಗಳೂ ಉಸಿರು ಬಿಗಿಹಿಡಿದವು. ನಲವತ್ತು ಮೀಸೆಗಳು ಜುಹ್ದಿಯ ಕಡೆ ತಿರುಗಿ, ಆಮೇಲೆ ಅಬೂ ಹಾಯಲನ ಕಡೆ ತಿರುಗಿದವು. ಹಾಜಿ ಖಲಫ್ ನೆಲದ ಮೇಲಿದ್ದ ಬಟ್ಟಲನ್ನು ನೋಡಿದ, ಮುಟ್ಟಲಿಲ್ಲ.

ಅಬೂ ಹಾಯಲನಿಗೆ ಸುಳ್ಳು ಸಿಗದೆ ಇರಲಿಲ್ಲ. ಮೂವತ್ತು ವರ್ಷ ಓಣಿಯ ಹೆಂಗಸರ ಜೊತೆ ಅಳತೆಗೆ ಜಗಳವಾಡಿದವನಿಗೆ ಒಂದಲ್ಲ, ಹನ್ನೆರಡು ಸುಳ್ಳು ನಾಲಿಗೆಯ ಮೇಲೆ ಸಾಲು ನಿಂತಿದ್ದವು. ಆದರೆ ಬಾಗಿಲ ಸಂದಿಯಲ್ಲಿ ರುದೈನಾಳ ಮುಖ ಕಂಡಿತು. ಚೀಲ ಇಳಿಸದೆ ನಿಂತ ಹುಡುಗಿಯ ಮುಖವೇ ಅದು, ಅಪ್ಪ ಈಗ ಏನು ಹೇಳುತ್ತಾನೋ ಎಂದು ಕಾಯುವ ಕಣ್ಣು.

"ಹಾಜಿ," ಎಂದ, "ಇದು ನನ್ನ ದೊಡ್ಡ ಮನಸ್ಸಲ್ಲ. ಇವನ ಅವಸರ. ಬಿಸಿ ಒಳಗಿರಬೇಕಿತ್ತು. ಒಳಗೆ ಕಾಲಿಟ್ರೆ ನಿಮ್ಮನ್ನ ಹೂತು ಬರಬೇಕಾಗುತ್ತೆ, ಅಷ್ಟು ಚಳಿ. ನಿನ್ನೆ ನನ್ನ ಹೆಂಡತಿ ಸೋಬಾ ಇಡೋಣ ಅಂದ್ಲು, ನಾನು ಬೇಡ ಅಂದೆ. ನಾನು ಅಶ್ರಫಿಯ್ಯಾದಲ್ಲಿ ಗಾಡಿ ಮೇಲೆ ಸೀಮೆಎಣ್ಣೆ ಮಾರ್ತಿದ್ದವನು. ಆ ವಾಸನೆಗೆ ಮಗಳ ಪಕ್ಕ ಯಾರೂ ಕೂರ್ತಿರ್ಲಿಲ್ಲ. ಇವತ್ತು ಅದು ನಿಮ್ಮ ಮೂಗಿಗೆ ಬೀಳಬಾರದು ಅಂತ ಇಷ್ಟೆಲ್ಲ ಆಯ್ತು. ಈಗ ಗೊತ್ತಾಯ್ತಲ್ಲ. ಇದರ ಮೇಲೂ ಹುಡುಗಿ ಬೇಕಿದ್ರೆ, ಕಾಫಿ ಕುಡೀರಿ."

ಹಾಜಿ ಖಲಫ್ ಗಡ್ಡ ನೀವಿದ.

"ನಮ್ಮ ಬೆಟ್ಟಕ್ಕೂ ಒಬ್ಬ ಬರ್ತಿದ್ದ. ಕಳ್ಳ. ಎಣ್ಣೆಗೆ ನೀರು ಬೆರೆಸಿ ಕೊಡ್ತಿದ್ದ, ನಮ್ಮ ಸೋಬಾ ಚಳಿಗಾಲ ಪೂರ್ತಿ ಬಿಕ್ಕಳಿಸ್ತಿತ್ತು. ಅವನ ಮಗಳನ್ನ ಕೇಳೋಕೆ ಕಳಿಸಿದ್ರೆ ಬರ್ತಿರ್ಲಿಲ್ಲ ನಾನು." ಅಷ್ಟು ಹೇಳಿ ಮುಂದೆ ಬಾಗಿ, "ನೀನು ಬೆರೆಸ್ತಿದ್ಯಾ?" ಎಂದ.

"ಒಂದು ತೊಟ್ಟೂ ಇಲ್ಲ."

"ಇವನ ಮಾತು ನಂಬಬಹುದು," ಎಂದು ಹಾಜಿ ಖಲಫ್ ತನ್ನವರ ಕಡೆ ತಿರುಗಿದ. "ಈಗ ತಾನೇ ಬೇಡದ ನಿಜವನ್ನೇ ಹೇಳಿದ್ದಾನೆ." ಬಟ್ಟಲೆತ್ತಿ ಒಂದೇ ಗುಟುಕಿಗೆ ಕುಡಿದ. ಕುಡಿದವನು ಬೆಚ್ಚಿ ಬಟ್ಟಲನ್ನೇ ನೋಡಿದ. "ನಾನು ಹೋಗಿರೋ ಜಾಹಾಗಳಿಗೆ ಲೆಕ್ಕ ಇಲ್ಲ ಮಾರಾಯ. ಎಲ್ಲ ಕಡೆ ಮಾತು ಮುಗಿಯೋಷ್ಟರಲ್ಲಿ ಕಾಫಿ ಕೊಳೆನೀರಾಗಿರುತ್ತೆ. ಬಿಸಿ ಬಿಸಿ ಕುಡಿದದ್ದು ಹುಟ್ಟಿದಾಗಿನಿಂದ ಇದೇ ಮೊದಲು."

ಹೆಂಗಸರ ಸಂಭ್ರಮದ ಉಲುಲು ಕೂಗು ಎದ್ದಾಗ ಎದುರು ಕಟ್ಟಡದ ಮೇಲಿನ ಹಿಮ ಜಾರಿ ಬಿತ್ತು. ಕುನಾಫೆ ಎಂಬ ಸಿಹಿಯ ತಟ್ಟೆ ಮೆಟ್ಟಿಲ ಮೇಲಿಂದ ಮೆಟ್ಟಿಲಿಗೆ ಇಳಿಯಿತು. ಜುಹ್ದಿ ಯಂತ್ರ ಇಳಿಸಿ ಎಲ್ಲಿ ಅಗೆಯಲಿ ಎಂದು ಕೇಳಿದ. ಹಾಜಿ ಖಲಫ್ ಅವನ ಅಂಗಿಯ ಚುಂಗು ಹಿಡಿದೆಳೆದು ಪಕ್ಕದಲ್ಲಿ ಕೂರಿಸಿಕೊಂಡು, ನಮ್ಮ ಮನೆ ಬಾಗಿಲಿಗೂ ಹೀಗೇ ಒಂದು ತಪ್ಪು ಮಾಡಿಕೊಡು ಎಂದ.

ಜುಹ್ದಿ ಕುನಾಫೆ ನುಂಗಿ, ಪ್ರಾಮಾಣಿಕವಾಗಿ ಯೋಚಿಸಿದ. "ಬೇಕೂಂತ ಮಾಡಿದ್ರೆ ಇಷ್ಟು ಚೆನ್ನಾಗಿ ಬರಲ್ಲ, ಹಾಜಿ."

ರುದೈನಾ ಕಾಫಿಯ ಎರಡನೇ ಸುತ್ತು ಹಿಡಿದು ಹೊರಗೆ ಬಂದಳು. ಅಷ್ಟು ಜನರ ನಡುವೆ ಕಾಲಿಡಲು ಜಾಗವಿರಲಿಲ್ಲ. ಒಬ್ಬ ಮಂಡಿ ಮಡಚಿದ, ಇನ್ನೊಬ್ಬ ಅವನಿಗೆ ಒತ್ತಿಕೊಂಡ, ಮೂರನೆಯವನು ಜುಹ್ದಿಯನ್ನು ಮೊಣಕೈಯಿಂದ ತಿವಿದು ಜರುಗೋ ಅಂದ. ಅವಳು ಅಪ್ಪನ ಪಕ್ಕ ಬಂದು, ತಟ್ಟೆ ಕೆಳಗಿಟ್ಟು, ಅವನ ಭುಜಕ್ಕೆ ತಾಗಿ ಕೂತಳು. ಯಾರೂ ದೂರ ಸರಿಯಲಿಲ್ಲ. ಸರಿಯಲು ಜಾಗವೂ ಇರಲಿಲ್ಲ. ಅಬೂ ಹಾಯಲ್ ಕೈ ಹಿಂದೆ ಚಾಚಿ, ಒಳಗಿನ ಚಳಿ ಹೊರಗೆ ಬಾರದಂತೆ ಮನೆಯ ಬಾಗಿಲನ್ನು ಎಳೆದುಕೊಂಡ.